ಮನೆಯ ಹೊರಗಿನ ಸೌದೆ ಫರ್ನೇಸ್: ಲೆಕ್ಕ ಮೊದಲು, ಯಂತ್ರ ಆಮೇಲೆ

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಸ್ಯಾರಟೋಗಾ ಕೌಂಟಿಯಲ್ಲಿ ನಾಲ್ಕು ಎಕರೆ ಜಾಗವಿರುವ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ನೆಲಮಾಳಿಗೆಯಲ್ಲಿ ಎಣ್ಣೆಯಿಂದ ಉರಿಯುವ ಬಿಸಿಗಾಳಿಯ ಫರ್ನೇಸ್ ಇದೆ. ಹೋದ ಚಳಿಗಾಲದಲ್ಲಿ ಸುಮಾರು 800 ಗ್ಯಾಲನ್ ಎಣ್ಣೆ ಖರ್ಚಾಯಿತು. ಜಮೀನಿನಲ್ಲಿ ಒಣಗಿ ನಿಂತ ಆ್ಯಶ್ ಮರಗಳೂ, ಓಕ್ ಮತ್ತು ಮೇಪಲ್ ಮರಗಳೂ ಇರುವುದರಿಂದ, ಮನೆಯಿಂದ 120 ಅಡಿ ದೂರದಲ್ಲಿ ಸೌದೆ ಫರ್ನೇಸ್ ಕೂರಿಸುವ ಯೋಚನೆಯಿದೆ. ಅಂಗಡಿಯವರು ಗಂಟೆಗೆ ಎರಡೂವರೆ ಲಕ್ಷ ಬಿಟಿಯು (ಶಾಖವನ್ನು ಅಳೆಯುವ ಮಾನ) ಕೊಡುವಂಥದ್ದು ಬೇಕು ಎನ್ನುತ್ತಾರೆ. ಪರಿಚಿತರೊಬ್ಬರು ತಮ್ಮ 2008ರ ಫರ್ನೇಸನ್ನು ಅಗ್ಗವಾಗಿ ಕೊಡುತ್ತೇನೆ ಎಂದಿದ್ದಾರೆ. ಮಲೆನಾಡಿನಲ್ಲಿ ಬಚ್ಚಲ ಹಂಡೆಗೆ ಉರಿ ಹಾಕಿ ಬೆಳೆದವರಾದ್ದರಿಂದ ಸೌದೆ ನಮಗೆ ಹೊಸದಲ್ಲ. ಆದರೆ ಪ್ರತಿ ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗುತ್ತೇವೆ. ದಯವಿಟ್ಟು ಸರಿಯಾದ ದಾರಿ ತಿಳಿಸಿ.

ಉತ್ತರ: ನಿಮ್ಮ ಮನೆಗೆ ಸೌದೆ ಫರ್ನೇಸ್ ಒಗ್ಗುತ್ತದೆ. ಆದರೆ ಅಂಗಡಿಯವರು ಹೇಳಿದ ಗಾತ್ರದ್ದೂ ಬೇಡ, ಪರಿಚಿತರ ಹಳೆಯದೂ ಬೇಡ, ಈ ವರ್ಷ ಕಡಿದ ಓಕ್ ಸೌದೆಯನ್ನು ನಂಬಿಕೊಂಡು ಇದೇ ಚಳಿಗಾಲಕ್ಕೆ ಬೆಂಕಿ ಹಾಕುವುದೂ ಬೇಡ. ಈ ಫರ್ನೇಸುಗಳ ಬಗ್ಗೆ ಕೇಳಿಬರುವ ದೂರುಗಳು, ಅಂದರೆ ಅಂಗಳ ತುಂಬುವ ಹೊಗೆ, ನೆರೆಯವರೊಡನೆ ಜಗಳ, ಕೆಲವೇ ವರ್ಷಗಳಲ್ಲಿ ತೂತು ಬೀಳುವ ಉಕ್ಕು, ಎಷ್ಟು ಸೌದೆ ತುಂಬಿದರೂ ಸಾಲದೆಂಬ ಗೋಳು, ಇವುಗಳಲ್ಲಿ ಬಹುಪಾಲು ಯಂತ್ರದ ತಯಾರಿಕೆಯಿಂದ ಹುಟ್ಟಿದವಲ್ಲ. ಬೇಕಾದ್ದಕ್ಕಿಂತ ದೊಡ್ಡ ಗಾತ್ರ, ಹಸಿ ಸೌದೆ ಮತ್ತು ನೆಲದಡಿಯ ಕಳಪೆ ಪೈಪು, ಈ ಮೂರರಿಂದಲೇ ಅವು ಹುಟ್ಟುತ್ತವೆ, ಮತ್ತು ಈ ಮೂರನ್ನೂ ಹಣ ಕೊಡುವ ಮೊದಲೇ ಸರಿಪಡಿಸಿಕೊಳ್ಳಬಹುದು.

ಹಂಡೆಯನ್ನು ಬಲ್ಲ ನಿಮಗೆ ಇದರ ರಚನೆ ಬೇಗ ತಿಳಿಯುತ್ತದೆ. ಉರಿಯುವ ಉಕ್ಕಿನ ಪೆಟ್ಟಿಗೆಯ ಸುತ್ತ ನೀರು ನಿಂತಿರುತ್ತದೆ. ಆ ಬಿಸಿನೀರನ್ನು ಪಂಪು ನೆಲದಡಿಯ ಪೈಪಿನ ಮೂಲಕ ಮನೆಗೆ ಕಳುಹಿಸಿ, ತಣಿದ ನೀರನ್ನು ಹಿಂದಕ್ಕೆ ತರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ನೀರಿನ ತೊಟ್ಟಿ ಮೇಲ್ಭಾಗದಲ್ಲಿ ಗಾಳಿಗೆ ತೆರೆದಿರುವುದರಿಂದ ಒತ್ತಡ ಏರಿ ಸಿಡಿಯುವ ಭಯವಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಚ್ಚಲ ಒಲೆಗೆ ಬೇಕಾದಾಗ ಉರಿ ಹಾಕುತ್ತೇವೆ, ಅದು ಗಾಳಿ ತೆಗೆದುಕೊಂಡು ಉರಿದು ಕೆಂಡವಾಗುತ್ತದೆ. ಇಲ್ಲಿ ನೀರು ಸುಮಾರು 185 ಡಿಗ್ರಿ ಫ್ಯಾರನ್‌ಹೀಟ್ (ಈ ಉತ್ತರದ ಡಿಗ್ರಿಗಳೆಲ್ಲವೂ ಫ್ಯಾರನ್‌ಹೀಟಿನವೇ) ಮುಟ್ಟಿದ ಕೂಡಲೇ ನಿಯಂತ್ರಕವು ಗಾಳಿಯ ಬಾಗಿಲನ್ನು ಮುಚ್ಚುತ್ತದೆ, ಮತ್ತು ಒಳಗಿರುವ ಕೊರಡುಗಳು ಉಸಿರಿಲ್ಲದೆ ಕಮರುತ್ತ ಗಂಟೆಗಟ್ಟಲೆ ಕೂರುತ್ತವೆ. ಹೊಗೆಯೂ, ಒಳಗೋಡೆಗೆ ಅಂಟುವ ಕ್ರಿಯೋಸೋಟ್ ಎಂಬ ಡಾಂಬರಿನಂಥ ಕರಿಯೂ ಹುಟ್ಟುವುದು ಈ ಮುಚ್ಚಿದ ಹೊತ್ತಿನಲ್ಲೇ. ಆದ್ದರಿಂದ ಫರ್ನೇಸ್ ದೊಡ್ಡದಾದಷ್ಟೂ ಅದು ಮುಚ್ಚಿಕೊಂಡಿರುವ ಹೊತ್ತು ಹೆಚ್ಚು, ಹೊಗೆಯೂ ಹೆಚ್ಚು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500 ಬಿಟಿಯು ಶಾಖವಿದೆ. 800 ಗ್ಯಾಲನ್ ಉರಿಸಿ, ಹಳೆಯ ಫರ್ನೇಸಿನ ದಕ್ಷತೆ ಶೇಕಡ 80 ಎಂದು ಹಿಡಿದರೆ, ಇಡೀ ಚಳಿಗಾಲದಲ್ಲಿ ಮನೆಗೆ ಸೇರಿದ್ದು ಸುಮಾರು 8.9 ಕೋಟಿ ಬಿಟಿಯು. ನಿಮ್ಮ ಭಾಗದಲ್ಲಿ ವರ್ಷಕ್ಕೆ 7,000ದ ಆಸುಪಾಸಿನಷ್ಟು ತಾಪನ ಡಿಗ್ರಿ-ದಿನಗಳಿರುತ್ತವೆ, ಅಂದರೆ ದಿನದ ಸರಾಸರಿ ತಾಪಮಾನವು 65 ಡಿಗ್ರಿಗಿಂತ ಎಷ್ಟು ಕೆಳಗಿತ್ತೆಂಬುದನ್ನು ದಿನದಿನವೂ ಕೂಡಿಸಿದ ಮೊತ್ತ. 8.9 ಕೋಟಿಯನ್ನು 7,000ದಿಂದಲೂ 24ರಿಂದಲೂ ಭಾಗಿಸಿದರೆ, ಹೊರಗಿನ ಚಳಿ ಒಂದು ಡಿಗ್ರಿ ಹೆಚ್ಚಿದಾಗ ನಿಮ್ಮ ಮನೆ ಗಂಟೆಗೆ ಸುಮಾರು 530 ಬಿಟಿಯು ಹೆಚ್ಚಾಗಿ ಕೇಳುತ್ತದೆ ಎಂದು ತಿಳಿಯುತ್ತದೆ. ಸೊನ್ನೆಗಿಂತ ಐದು ಡಿಗ್ರಿ ಕೆಳಗಿಳಿದ ರಾತ್ರಿಯಲ್ಲೂ ಬೇಕಾಗುವುದು ಗಂಟೆಗೆ 37,000 ಬಿಟಿಯು ಮಾತ್ರ. ಪೈಪಿನ ನಷ್ಟ, ಸ್ನಾನದ ನೀರು, ಒಂದಿಷ್ಟು ಅಂತರ ಎಲ್ಲವನ್ನೂ ಸೇರಿಸಿ 60,000 ಎಂದಿಟ್ಟುಕೊಳ್ಳೋಣ. ಅಂಗಡಿಯವರು ಹೇಳಿದ್ದು ಇದರ ನಾಲ್ಕು ಪಟ್ಟಿಗಿಂತ ಹೆಚ್ಚು. ಸರಾಸರಿ 34 ಡಿಗ್ರಿ ಇರುವ ಮಾರ್ಚ್ ತಿಂಗಳಿನಲ್ಲಿ ಮನೆಗೆ ಬೇಕಾದದ್ದು ಗಂಟೆಗೆ 16,000 ಬಿಟಿಯು ಆದ್ದರಿಂದ, ಅಂಥ ದೊಡ್ಡ ಫರ್ನೇಸ್ ತನ್ನ ಸಾಮರ್ಥ್ಯದ ಹದಿನೈದನೆಯ ಒಂದು ಪಾಲಿನಲ್ಲಿ ನಡೆಯುತ್ತ ದಿನವಿಡೀ ಹೊಗೆಯುಗುಳುತ್ತಿರುತ್ತದೆ. ಈ ಲೆಕ್ಕ ಸ್ಥೂಲವಾದದ್ದು. ಗೋಡೆ, ಕಿಟಕಿ, ಅಟ್ಟಗಳನ್ನು ಅಳೆದು ಮಾಡುವ ‘ಮ್ಯಾನ್ಯುಅಲ್ ಜೆ’ ಲೆಕ್ಕವನ್ನು ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಅಟ್ಟಕ್ಕೆ ಶಾಖನಿರೋಧಕ ಹಾಕಿಸುವುದಿದ್ದರೆ ಅದನ್ನು ಮೊದಲು ಮುಗಿಸಿ ಆಮೇಲೆ ಅಳೆಸಿ, ಏಕೆಂದರೆ ಫರ್ನೇಸಿನ ಗಾತ್ರ ಅದರಿಂದ ಇನ್ನಷ್ಟು ಇಳಿಯಬಹುದು.

ಕೊಳ್ಳುವುದಾದರೆ ‘ಗ್ಯಾಸಿಫಿಕೇಶನ್’ ಮಾದರಿಯದನ್ನು ಕೊಳ್ಳಿ. ಅದರ ಮೇಲಿನ ಪೆಟ್ಟಿಗೆಯಲ್ಲಿ ಸೌದೆ ಕಡಿಮೆ ಗಾಳಿಯಲ್ಲಿ ಕಾದು ಅನಿಲ ಬಿಡುತ್ತದೆ. ಆ ಅನಿಲವು ಇಕ್ಕಟ್ಟಾದ ಬಾಯಿಯ ಮೂಲಕ ಬೆಂಕಿಯಿಟ್ಟಿಗೆಯ ಎರಡನೆಯ ಕೋಣೆಗೆ ಹೋಗಿ, ಹೊಸ ಗಾಳಿಯೊಡನೆ ಸೇರಿ ಬಹಳ ಹೆಚ್ಚಿನ ಶಾಖದಲ್ಲಿ ಉರಿಯುತ್ತದೆ. ಸರಿಯಾಗಿ ನಡೆಯುವಾಗ ಚಿಮಣಿಯ ಬಾಯಲ್ಲಿ ಕಾಣುವುದು ಬಿಸಿಗಾಳಿಯ ನಡುಕ ಮಾತ್ರ. ಹಣ ಮತ್ತು ಜಾಗ ಎರಡೂ ಇದ್ದರೆ ಇದಕ್ಕೆ 1,000 ಗ್ಯಾಲನ್ನಿನ ಶಾಖ ಸಂಗ್ರಹದ ತೊಟ್ಟಿಯನ್ನು ಸೇರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಅಷ್ಟು ನೀರನ್ನು 40 ಡಿಗ್ರಿ ಏರಿಸಿದರೆ ಸುಮಾರು 3,30,000 ಬಿಟಿಯು ಕೂಡಿಬೀಳುತ್ತದೆ, ಅದು ನಿಮ್ಮ ಮನೆಗೆ ಜನವರಿಯ ಸಾಧಾರಣ ದಿನದಲ್ಲಿ ಹದಿಮೂರು ಹದಿನಾಲ್ಕು ಗಂಟೆಗೆ ಸಾಕು. ಬೆಂಕಿಯನ್ನು ಒಮ್ಮೆ ಪೂರ್ತಿಯಾಗಿ ಉರಿಸಿ ಮುಗಿಸಬಹುದಾದ್ದರಿಂದ ಕಮರಿಸಿ ಇಡುವ ಪ್ರಮೇಯವೇ ಬರುವುದಿಲ್ಲ.

ಕಾನೂನಿನ ವಿಷಯ ಚಿಕ್ಕದಲ್ಲ, ಮತ್ತು ಪರಿಚಿತರ ಫರ್ನೇಸನ್ನು ಬೇಡವೆಂದದ್ದು ಅದರಿಂದಲೇ. ಒಕ್ಕೂಟದ ಪರಿಸರ ಸಂಸ್ಥೆಯಾದ ಇಪಿಎ 2015ರಲ್ಲಿ ಮಾಡಿದ ನಿಯಮದ ಎರಡನೆಯ ಹಂತವು 2020ರ ಮೇ 15ರಿಂದ ಜಾರಿಯಲ್ಲಿದ್ದು, ಹೊಸದಾಗಿ ಮಾರಾಟವಾಗುವ ಪ್ರತಿಯೊಂದು ಫರ್ನೇಸಿಗೂ ಅದರ ಪ್ರಮಾಣಪತ್ರ ಬೇಕು. ನ್ಯೂಯಾರ್ಕ್ ರಾಜ್ಯದ ‘ಪಾರ್ಟ್ 247’ ನಿಯಮ ಇನ್ನೂ ನಿರ್ದಿಷ್ಟವಾಗಿದೆ: ಹೊಸದಾಗಿ ಕೂರಿಸುವ ಮನೆಬಳಕೆಯ ಫರ್ನೇಸ್ ಪ್ರಮಾಣಿತವಾಗಿರಬೇಕು, ನೆರೆಯವರ ಗಡಿಯಿಂದ ಕನಿಷ್ಠ 100 ಅಡಿ ದೂರವಿರಬೇಕು, ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಎತ್ತರವಿರಬೇಕು. ನಾಲ್ಕು ಎಕರೆ ಎಂದಾಗ ದೊಡ್ಡದೆನಿಸುತ್ತದೆ, ಆದರೆ ಅಲ್ಲಿನ ಹಳೆಯ ಜಮೀನುಗಳು ಎಷ್ಟೋ ಕಡೆ ರಸ್ತೆಯಿಂದ ಹಿಂದಕ್ಕೆ ಉದ್ದವಾಗಿ ಚಾಚಿದ ಪಟ್ಟಿಗಳು. ನಿಮ್ಮದು ಅಗಲದಲ್ಲಿ 200 ಅಡಿಗಿಂತ ಕಡಿಮೆಯಿದ್ದರೆ ಎರಡೂ ಪಕ್ಕಕ್ಕೆ 100 ಅಡಿ ಬಿಡುವುದು ಅಸಾಧ್ಯ. ಮೊದಲು ಸರ್ವೆ ನಕ್ಷೆಯನ್ನು ತೆಗೆದು ಅಳೆಯಿರಿ. ಕೆಲವು ಟೌನುಗಳು ಈ ಫರ್ನೇಸುಗಳನ್ನು ಪೂರ್ತಿಯಾಗಿ ನಿಷೇಧಿಸಿರುವುದರಿಂದ ಟೌನ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಮನೆಯ ವಿಮೆಯವರ ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಪ್ರಮಾಣಪತ್ರವೊಂದಿದ್ದರೆ ಎಲ್ಲವೂ ಸರಿಯೆಂದೂ ತಿಳಿಯಬೇಡಿ. ಸೌದೆ ಒಲೆಗಳ ಪರೀಕ್ಷೆಯ ವ್ಯವಸ್ಥೆ ನಂಬುವಷ್ಟು ಗಟ್ಟಿಯಾಗಿಲ್ಲವೆಂದು ಇಪಿಎಯ ಆಂತರಿಕ ತನಿಖಾ ವಿಭಾಗವೇ 2023ರಲ್ಲಿ ವರದಿ ಕೊಟ್ಟಿದೆ. ಅಂಗಡಿಯವರು ಶೇಕಡ 30ರ ಒಕ್ಕೂಟ ತೆರಿಗೆ ರಿಯಾಯಿತಿಯ ಆಸೆ ತೋರಿಸಿದರೆ, ಅದು 2025ರ ಡಿಸೆಂಬರ್ 31ರವರೆಗೆ ಕೂರಿಸಿದವುಗಳಿಗೆ ಮಾತ್ರವೆಂಬುದು ನೆನಪಿರಲಿ.

ಜಾಗ ಆರಿಸುವಾಗ ಗಡಿಯ ಜೊತೆಗೆ ಗಾಳಿಯನ್ನೂ ನೋಡಬೇಕು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಬೀಸುವ ದಿಕ್ಕನ್ನು ಗಮನಿಸಿ, ನಿಮ್ಮ ಮನೆಯೂ ನೆರೆಯ ಮನೆಯೂ ಹೊಗೆಯ ಹಾದಿಗೆ ಸಿಕ್ಕದಂತೆ ಕೂರಿಸಿ. ತಗ್ಗಿನ ಜಾಗ ಬೇಡ, ಏಕೆಂದರೆ ಗಾಳಿಯಾಡದ ಚಳಿ ರಾತ್ರಿಗಳಲ್ಲಿ ಹೊಗೆ ಅಲ್ಲಿಂದ ಮೇಲೇಳದೆ ಹರಡಿಕೊಂಡು ನಿಲ್ಲುತ್ತದೆ. 18 ಅಡಿ ಎಂಬುದು ಕಾನೂನಿನ ಕನಿಷ್ಠ ಮಾತ್ರ. ಹತ್ತಿರದ ಮನೆಯ ಮಾಡಿನ ತುದಿಗಿಂತ ಎರಡು ಅಡಿ ಮೇಲಿರುವಂತೆ ಚಿಮಣಿಯನ್ನು ಏರಿಸಿದರೆ ನೆರೆಯವರ ಪುಪ್ಪುಸಕ್ಕೂ ನಿಮ್ಮ ನೆಮ್ಮದಿಗೂ ಒಳ್ಳೆಯದು. ಸೌದೆಯ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಆಸ್ತಮಾ ಮತ್ತು ಹೃದಯದ ಕಾಯಿಲೆ ಇರುವವರಿಗೆ ನಿಜವಾಗಿಯೂ ಅಪಾಯ. ಒಲೆ ಹೊರಗಿದ್ದರೂ ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಸೂಚಕ ಇರಲೇಬೇಕು. ಅಡಿಪಾಯಕ್ಕೆ ಜಲ್ಲಿಯ ಹಾಸಿನ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಹಾಸು ಸಾಕು. ಬಾಗಿಲಿನ ಮುಂದೆಯೂ ನಾಲ್ಕಾರು ಅಡಿ ಕಾಂಕ್ರೀಟು ಇದ್ದರೆ ಉದುರಿದ ಕೆಂಡ ಒಣಹುಲ್ಲಿಗೆ ತಾಗುವುದಿಲ್ಲ.

ಇನ್ನು ಪೈಪು. ಜನರು ಯಂತ್ರಕ್ಕೆ ಧಾರಾಳವಾಗಿ ಖರ್ಚು ಮಾಡಿ ಇಲ್ಲಿ ಕೈ ಬಿಗಿಹಿಡಿಯುತ್ತಾರೆ, ಮತ್ತು ಅದನ್ನು ಆಮೇಲೆ ತಿದ್ದಬೇಕಾದರೆ ಅಂಗಳವನ್ನೇ ಮತ್ತೆ ಅಗೆಯಬೇಕಾಗುತ್ತದೆ. ಹರಿವಿನ ಲೆಕ್ಕ ಸುಲಭ: ನಿಮಿಷಕ್ಕೆ ಹರಿಯುವ ಗ್ಯಾಲನ್‌ಗಳನ್ನು 500ರಿಂದಲೂ, ಹೋಗುವ ಮತ್ತು ಬರುವ ನೀರಿನ ತಾಪದ ವ್ಯತ್ಯಾಸದಿಂದಲೂ ಗುಣಿಸಿದರೆ ಗಂಟೆಗೆ ಸಾಗುವ ಬಿಟಿಯು ಸಿಗುತ್ತದೆ. 20 ಡಿಗ್ರಿ ವ್ಯತ್ಯಾಸವಿಟ್ಟುಕೊಂಡು 60,000 ಬಿಟಿಯು ಸಾಗಿಸಲು ನಿಮಿಷಕ್ಕೆ ಆರು ಗ್ಯಾಲನ್ ಸಾಕು; ನಿಮ್ಮ ದೂರಕ್ಕೆ ಒಂದು ಇಂಚಿನ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು ಅದನ್ನು ಹೊರುತ್ತದೆ. ಎರಡೂವರೆ ಲಕ್ಷಕ್ಕೆ 25 ಗ್ಯಾಲನ್ ಬೇಕಾಗುತ್ತಿತ್ತು, ಅದಕ್ಕೆ ದೊಡ್ಡ ಪೈಪು, ದೊಡ್ಡ ಪಂಪು, ವರ್ಷವರ್ಷವೂ ಹೆಚ್ಚಿನ ವಿದ್ಯುತ್ತು. ಪೆಕ್ಸ್ ಕೊಳ್ಳುವಾಗ ಆಮ್ಲಜನಕವನ್ನು ತಡೆಯುವ ಪದರವಿರುವುದನ್ನೇ ಕೇಳಿ. ಅದಿಲ್ಲದ ಪೈಪಿನ ಗೋಡೆಯ ಮೂಲಕ ಆಮ್ಲಜನಕ ನುಸುಳಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಹೊದಿಕೆಯ ವಿಷಯದಲ್ಲಿ ಚೌಕಾಸಿ ಬೇಡ. ಗುಳ್ಳೆ ಹಾಳೆಯನ್ನು ಸುತ್ತಿ ಸುಕ್ಕುಕೊಳವೆಯೊಳಗೆ ತೂರಿಸಿದ ಅಗ್ಗದ ಪೈಪುಗಳಿಗೆ ಕಾಲಕ್ರಮದಲ್ಲಿ ಅಂತರ್ಜಲ ಹೊಕ್ಕು, ಬಿಸಿನೀರಿನ ಪೈಪು ತಣ್ಣೀರಿನಲ್ಲಿ ಮುಳುಗಿ ಕೂರುತ್ತದೆ. ಕಾರ್ಖಾನೆಯಲ್ಲೇ ನೀರು ಹೀರದ ಮುಚ್ಚುರಂಧ್ರದ ಫೋಮ್ ತುಂಬಿಸಿದ ಪೈಪನ್ನು ತನ್ನಿ, ಅಥವಾ ಕಾಲುವೆಯಲ್ಲಿ ಪೈಪಿಟ್ಟು ಅದರ ಮೇಲೆಯೇ ಫೋಮ್ ಸಿಂಪಡಿಸುವವರನ್ನು ಕರೆಸಿ. ಕಾಲುವೆ ಎರಡು ಅಡಿಗಿಂತ ಆಳವಿರಲಿ, ವಾಹನ ಓಡಾಡುವಲ್ಲಿ ಇನ್ನೂ ಆಳ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಕೇಬಲ್ ಮತ್ತು ಅನಿಲ ಪೈಪುಗಳ ಗುರುತು ಹಾಕಿಸುವುದು ಕಡ್ಡಾಯ. ಒಳ್ಳೆಯ ಪೈಪಿನ ಗುರುತು ಹಿಮ ಬಿದ್ದ ಬೆಳಿಗ್ಗೆ ಕಾಣುತ್ತದೆ: ಅಂಗಳದ ಹಿಮ ಒಂದೇ ಸಮನಾಗಿದ್ದರೆ ಸರಿ, ಫರ್ನೇಸಿನಿಂದ ಮನೆಯವರೆಗೆ ಕರಗಿದ ಹಿಮದ ನಡುವೆ ಹಸಿರು ಹುಲ್ಲಿನ ಪಟ್ಟೆ ಕಂಡರೆ ನಿಮ್ಮ ಸೌದೆ ನೆಲವನ್ನು ಕಾಯಿಸುತ್ತಿದೆ ಎಂದರ್ಥ. ಅದನ್ನು ಅಂಕಿಯಲ್ಲೂ ನೋಡಬಹುದು. ಪೈಪಿನ ಎರಡೂ ತುದಿಗೆ ತಾಪಮಾಪಕ ಕಟ್ಟಿ; ನಿಮಿಷಕ್ಕೆ ಆರು ಗ್ಯಾಲನ್ ಹರಿಯುವಾಗ ಹೋಗುವ ದಾರಿಯಲ್ಲಿ ಮೂರು ಡಿಗ್ರಿ ಇಳಿದರೆ ಗಂಟೆಗೆ 9,000 ಬಿಟಿಯು ಮಣ್ಣುಪಾಲು. ಆರು ತಿಂಗಳಿಗೆ ಅದು ಸುಮಾರು 3.9 ಕೋಟಿ, ಎಂದರೆ ಫರ್ನೇಸಿನ ದಕ್ಷತೆಯನ್ನೂ ಲೆಕ್ಕಕ್ಕೆ ಹಿಡಿದರೆ ಎರಡೂವರೆ ಕಾರ್ಡ್ (ಒಂದು ಕಾರ್ಡ್ 128 ಘನ ಅಡಿ) ಓಕ್ ಸೌದೆ. ಅದನ್ನು ಕಡಿದು, ಸೀಳಿ, ಒಟ್ಟಿ, ಹೊತ್ತು ತಂದ ಶ್ರಮವೂ ಅದರೊಡನೆ ಹೋಗುತ್ತದೆ.

ಮನೆಯ ಕಡೆಯ ಕೆಲಸ ಇಷ್ಟು ತೊಡಕಿನದಲ್ಲ. ನಿಮ್ಮದು ಬಿಸಿಗಾಳಿಯ ವ್ಯವಸ್ಥೆಯಾದ್ದರಿಂದ, ಹಳೆಯ ಫರ್ನೇಸಿನ ಮೇಲೆ ಗಾಳಿ ಹೊರಡುವ ಪೆಟ್ಟಿಗೆಯೊಳಗೆ ಬಿಸಿನೀರಿನ ಸುರುಳಿಯೊಂದನ್ನು ಕೂರಿಸಿದರೆ, ಇರುವ ಫ್ಯಾನು ಮತ್ತು ಗಾಳಿ ಕೊಳವೆಗಳೇ ಸಾಕು. ಸ್ನಾನದ ನೀರಿಗೆ ತಟ್ಟೆಗಳ ಶಾಖ ವಿನಿಮಯಕವನ್ನು ಹೀಟರಿಗೆ ಮೊದಲು ಜೋಡಿಸಿ, ನಲ್ಲಿಗೆ ಹೋಗುವ ದಾರಿಯಲ್ಲಿ ನೀರಿನ ತಾಪವನ್ನು ಇಳಿಸುವ ಮಿಶ್ರಣ ಕವಾಟವನ್ನು ತಪ್ಪದೆ ಹಾಕಿಸಿ. 180 ಡಿಗ್ರಿಯ ನೀರು ಕ್ಷಣದಲ್ಲಿ ಮಗುವಿನ ಕೈ ಸುಡುತ್ತದೆ. ಫರ್ನೇಸಿಗೆ ಹಿಂದಿರುಗುವ ನೀರು 140 ಡಿಗ್ರಿಗಿಂತ ಕೆಳಗಿಳಿಯದಂತೆ ಇನ್ನೊಂದು ಕವಾಟ ಬೇಕು. ಅದಿಲ್ಲದಿದ್ದರೆ ತಣ್ಣಗಾದ ಒಳಗೋಡೆಯ ಮೇಲೆ ಹೊಗೆಯ ತೇವ ಹನಿಗಟ್ಟಿ, ಆ ಹುಳಿ ದ್ರವವು ಬೂದಿಯ ಅಡಿಯಲ್ಲಿ ಕೂತು ಉಕ್ಕನ್ನು ತಿನ್ನುತ್ತದೆ. ತೂತು ಬಿದ್ದ ಫರ್ನೇಸುಗಳಲ್ಲಿ ಇದು ಸಾಮಾನ್ಯ ಕಾರಣ. ಎಣ್ಣೆಯ ಫರ್ನೇಸನ್ನು ತೆಗೆಸಬೇಡಿ. ನೀರಿನ ತಾಪ ಇಳಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುವಂತೆ ಥರ್ಮೋಸ್ಟಾಟಿನ ಎರಡನೆಯ ಹಂತಕ್ಕೆ ಜೋಡಿಸಿ.

ಸೌದೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಂದು ಕಾರ್ಡ್ ಎಂದರೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಒಟ್ಟಿದ ಸೌದೆ, ಒಟ್ಟು 128 ಘನ ಅಡಿ. ಒಂದು ಕಾರ್ಡ್ ಒಣ ಓಕಿನಲ್ಲಿ ಸುಮಾರು 2.4 ಕೋಟಿ ಬಿಟಿಯು ಇದೆ. ಒಟ್ಟು ದಕ್ಷತೆ ಶೇಕಡ 65 ಎಂದರೂ ನಿಮಗೆ ಚಳಿಗಾಲಕ್ಕೆ ಆರು ಕಾರ್ಡ್ ಬೇಕು. ಹಸಿ ಸೌದೆಯಲ್ಲಿರುವ ನೀರನ್ನು ಆವಿ ಮಾಡಲು ಶಾಖ ಖರ್ಚಾಗುವುದು ನಿಜ, ಆದರೆ ಅದಕ್ಕಿಂತ ದೊಡ್ಡ ನಷ್ಟವೆಂದರೆ ಆ ಆವಿಯಿಂದ ಬೆಂಕಿ ತಣ್ಣಗಾಗಿ, ಉರಿಯಬೇಕಾದ ಅನಿಲವೇ ಹೊಗೆಯಾಗಿ ಚಿಮಣಿ ಹತ್ತುವುದು. ಗ್ಯಾಸಿಫಿಕೇಶನ್ ಮಾದರಿಗೆ ಹಸಿ ಸೌದೆ ಹಾಕಿದರೆ ಎರಡನೆಯ ಕೋಣೆ ಹೊತ್ತಿಕೊಳ್ಳುವುದೇ ಇಲ್ಲ. ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಅದನ್ನು ಅಳೆಯುವ ಚಿಕ್ಕ ಮಾಪಕವನ್ನು ಕೊಂಡು, ಸೌದೆಯನ್ನು ಹೊಸದಾಗಿ ಸೀಳಿ, ಸೀಳಿನ ಒಳಮುಖಕ್ಕೆ ಮುಳ್ಳು ಚುಚ್ಚಿ ನೋಡಬೇಕು; ಹೊರಮೈಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ.

ಓಕ್ ಸೀಳಿದ ಮೇಲೆ ಎರಡು ಬೇಸಿಗೆ ಒಣಗಬೇಕು. ಮೇಪಲ್ ಮತ್ತು ಆ್ಯಶ್‌ಗೆ ಸಾಮಾನ್ಯವಾಗಿ ಒಂದು ಬೇಸಿಗೆ ಸಾಕು. ನಿಮ್ಮ ಆ್ಯಶ್ ಮರಗಳು ಒಣಗಿರುವುದು ಬಹುಶಃ ಎಮರಾಲ್ಡ್ ಆ್ಯಶ್ ಬೋರರ್ ಕೀಟದಿಂದ. 2002ರಲ್ಲಿ ಮಿಶಿಗನ್ನಿನಲ್ಲಿ ಪತ್ತೆಯಾದ ಈ ದುಂಬಿ ಈಶಾನ್ಯ ರಾಜ್ಯಗಳ ಆ್ಯಶ್ ಕಾಡನ್ನೇ ಖಾಲಿ ಮಾಡುತ್ತಿದೆ. ಇಂಥ ಸತ್ತ ಮರ ಪೆಡಸಾಗಿ ಕೊಂಬೆಗಳು ಅನಿರೀಕ್ಷಿತವಾಗಿ ಮುರಿಯುವುದರಿಂದ ಕಡಿಯುವ ಕೆಲಸವನ್ನು ಅನುಭವಸ್ಥರಿಗೇ ಬಿಡಿ. ಮರ ನಿಂತಲ್ಲೇ ಒಣಗಿದೆಯೆಂದು ಅದರ ಸೌದೆಯೂ ಒಣಗಿದೆ ಎಂದುಕೊಳ್ಳಬೇಡಿ, ಬುಡದ ಕೊರಡಿನಲ್ಲಿ ತೇವ ಉಳಿದಿರುತ್ತದೆ. ಕೀಟ ಹರಡದಿರಲೆಂದು, ಶಾಖೋಪಚಾರ ಮಾಡದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವುದನ್ನು ನ್ಯೂಯಾರ್ಕ್ ರಾಜ್ಯ ನಿಷೇಧಿಸಿದೆ. ಒಟ್ಟಿದ ರಾಶಿ ನೆಲದಿಂದ ಮೇಲಿರಲಿ, ತಲೆಗೆ ಮಾತ್ರ ಹೊದಿಕೆ ಇರಲಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಸುತ್ತಲೂ ಟಾರ್ಪಾಲಿನ್ ಬಿಗಿದರೆ ಸೌದೆ ಬೂಸ್ಟು ಹಿಡಿಯುತ್ತದೆ.

ನಡೆಸುವಾಗ ಮುಖ್ಯವಾದದ್ದು ಬಾಗಿಲು ತೆರೆಯುವ ಕ್ರಮ. ಗಾಳಿ ಮುಚ್ಚಿ ಕಮರುತ್ತಿದ್ದ ಪೆಟ್ಟಿಗೆಯೊಳಗೆ ಉರಿಯದ ಅನಿಲ ತುಂಬಿರುತ್ತದೆ. ಬಾಗಿಲನ್ನು ಒಮ್ಮೆಗೇ ತೆರೆದರೆ ಹೊರಗಿನ ಗಾಳಿ ನುಗ್ಗಿ ಬೆಂಕಿ ಮುಖಕ್ಕೆ ಚಿಮ್ಮುತ್ತದೆ. ಮೊದಲು ಹೊಗೆಯನ್ನು ನೇರವಾಗಿ ಚಿಮಣಿಗೆ ಬಿಡುವ ಅಡ್ಡದಾರಿಯನ್ನು ತೆರೆಯಿರಿ, ಬಾಗಿಲನ್ನು ಒಂದು ಇಂಚು ಸರಿಸಿ ಅರ್ಧ ನಿಮಿಷವಾದರೂ ಕಾಯಿರಿ, ಪಕ್ಕಕ್ಕೆ ನಿಂತು ಆಮೇಲೆ ಪೂರ್ತಿ ತೆರೆಯಿರಿ. ಉದ್ದ ತೋಳಿನ ಚರ್ಮದ ಕೈಗವಸು ಇರಲಿ, ಶಾಲು ಅಥವಾ ಸೀರೆಯ ಸೆರಗು ಜೋಲುತ್ತಿರಬಾರದು. ದಿನಕ್ಕೆ ಎಷ್ಟು ಬೇಕೋ ಅಷ್ಟೇ ಸೌದೆ ತುಂಬಿ. ಬೆಚ್ಚಗಿನ ದಿನಕ್ಕೂ ಪೆಟ್ಟಿಗೆ ತುಂಬುವ ಅಭ್ಯಾಸದಿಂದ ಹೊಗೆ ಹೆಚ್ಚುತ್ತದೆ. ಕಸ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಯಾವುದನ್ನೂ ಹಾಕಬೇಡಿ. ಹಳೆಯ ಕಟ್ಟೆ, ಬೇಲಿಗಳಿಂದ ಕಿತ್ತ ಹಸಿರು ಛಾಯೆಯ ಮರದಲ್ಲಿ ಆರ್ಸೆನಿಕ್ ಇರಬಹುದು, ಅದರ ಬೂದಿಯೂ ವಿಷ. ಶುದ್ಧ ಸೌದೆಯ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಕಟ್ಟಡಗಳಿಂದ ದೂರವಿಡಿ, ಒಳಗಿನ ಕೆಂಡ ಕೆಲವು ದಿನಗಳವರೆಗೂ ಜೀವ ಹಿಡಿದಿರುತ್ತದೆ. ಪೂರ್ತಿ ತಣಿದದ್ದನ್ನು ತರಕಾರಿ ಮಡಿಗೆ ತೆಳುವಾಗಿ ಹಾಕಬಹುದು, ಬ್ಲೂಬೆರಿಯಂಥ ಹುಳಿಮಣ್ಣಿನ ಗಿಡಗಳಿಗೆ ಬೇಡ.

ತೊಟ್ಟಿಯ ನೀರಿಗೆ ತಯಾರಕರು ಹೇಳಿದ ತುಕ್ಕುನಿರೋಧಕವನ್ನೇ ಬೆರೆಸಿ, ವರ್ಷಕ್ಕೊಮ್ಮೆಯಾದರೂ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ. ಆ ವರದಿಗಳನ್ನು ಜೋಪಾನವಾಗಿಡಿ, ಉಕ್ಕು ತೂತಾದಾಗ ವಾರಂಟಿ ಕೇಳಲು ಅವು ಬೇಕಾಗುತ್ತವೆ.

ಊರಿಗೆ ಹೋಗುವ ಮೂರು ವಾರದ ಮಾತು. ಬೆಂಕಿಯಿಲ್ಲದೆ ಪಂಪೂ ನಿಂತರೆ ಹೊರಗಿನ ಕವಾಟ, ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಎಣ್ಣೆಯ ಫರ್ನೇಸ್ ಮನೆಯನ್ನು 55 ಡಿಗ್ರಿಯಲ್ಲಿಡಲಿ, ಹೊರಗಿನ ಪಂಪು ಓಡುತ್ತಲೇ ಇರಲಿ. ಆಗ ಸುರುಳಿಯ ಮೂಲಕ ಮನೆಯ ಶಾಖವೇ ಹಿಮ್ಮುಖವಾಗಿ ಹರಿದು ಹೊರಗಿನ ನೀರನ್ನು ಕಾಯುತ್ತದೆ. ಇದಕ್ಕೆ ಸ್ವಲ್ಪ ಎಣ್ಣೆ ಹೆಚ್ಚು ಖರ್ಚಾಗುತ್ತದೆ, ಆದರೆ ಒಡೆದ ತೊಟ್ಟಿಗಿಂತ ಅಗ್ಗ. ಕರೆಂಟು ಹೋಗುವ ಭಯವಿದ್ದರೆ ತಾನಾಗಿ ಶುರುವಾಗುವ ಜನರೇಟರ್ ಇರಲಿ, ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷವಾದ್ದರಿಂದ, ಸ್ನಾನದ ನೀರೂ ಇದೇ ವ್ಯವಸ್ಥೆಯಿಂದ ಕಾಯುವ ಮನೆಯಲ್ಲಿ ಅದನ್ನು ಬಳಸಲೇಬಾರದು. ದಿನಕ್ಕೊಮ್ಮೆ ಬಂದು ನೋಡುವ ನೆರೆಯವರೊಬ್ಬರಿಗೆ ಕವಾಟಗಳ ಚಿತ್ರ ಬರೆದುಕೊಟ್ಟು, ಹೊರಡುವ ಮೊದಲು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.

ಈ ವರ್ಷ ಮಾಡಬೇಕಾದ್ದು ಸರ್ವೆ ನಕ್ಷೆಯ ಅಳತೆ, ಟೌನಿನ ಅನುಮತಿ, ಅಟ್ಟದ ಶಾಖನಿರೋಧಕ ಮತ್ತು ಸೌದೆ. ಬೇಸಿಗೆ ಮುಗಿಯುವುದರೊಳಗೆ ಆರು ಕಾರ್ಡ್ ಆ್ಯಶ್ ಮತ್ತು ಮೇಪಲ್ ಸೀಳಿ ಒಟ್ಟಿಸಿ, ಓಕನ್ನು ಬೇರೆ ಸಾಲಿನಲ್ಲಿ ಒಟ್ಟಿ ಅದರ ಮೇಲೆ ವರ್ಷ ಬರೆದಿಡಿ. ಈ ಚಳಿಗಾಲವನ್ನು ಎಣ್ಣೆಯಲ್ಲೇ ಕಳೆದು, ಮುಂದಿನ ಬೇಸಿಗೆಯಲ್ಲಿ ಕಾಲುವೆ ತೋಡಿಸಿ ಫರ್ನೇಸ್ ಕೂರಿಸಿದರೆ, ಅಕ್ಟೋಬರಿನಲ್ಲಿ ಮೊದಲ ಬೆಂಕಿ ಹಾಕುವ ಹೊತ್ತಿಗೆ ಮಾಪಕದಲ್ಲಿ 20ಕ್ಕಿಂತ ಕೆಳಗಿನ ಅಂಕಿ ಸಿಗುತ್ತದೆ.